ಶಾಲಾ ಮಕ್ಕಳ ಮಾತಿನ ಹಕ್ಕು: ವಿದುರಾಶ್ವತ್ಥದಿಂದ ಉಡುಪಿಯವರೆಗೆ



ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವ ನಮ್ಮ ಮನೆಗಳಲ್ಲಿ ಬೆಳಗಾದರೆ ಒಂದು ಮಾತು ಕೇಳುತ್ತದೆ: "ಶಾಲೆಯಲ್ಲಿ ಬಾಯಿ ಮುಚ್ಚಿಕೊಂಡು ಇದ್ದು ಬಾ. ನಮಗ್ಯಾಕೆ ಊರ ಉಸಾಬರಿ." ಇದು ಭಯದಲ್ಲಿ ಹುಟ್ಟಿ ಪ್ರೀತಿಯಲ್ಲಿ ಹೊರಬಂದ ಮಾತು. ಹಾಗೆ ಹೇಳುವ ತಾಯಂದಿರನ್ನು ನಾವು ದೂರುವುದಿಲ್ಲ. ಆದರೆ ಆ ಮಾತಿನ ಹಿಂದೆ ಒಂದು ನಂಬಿಕೆ ಅಡಗಿದೆ. ಶಾಲೆಯ ಗೇಟು ದಾಟಿದ ಮಗುವಿಗೆ ತನ್ನದೆಂಬ ಮಾತು ಇಲ್ಲ, ಹೇಳಿದ್ದನ್ನು ಹೇಳಬೇಕು, ಹಾಡೆಂದದ್ದನ್ನು ಹಾಡಬೇಕು, ತೆಗೆ ಎಂದದ್ದನ್ನು ತೆಗೆಯಬೇಕು ಎಂಬ ನಂಬಿಕೆ ಅದು. ಈ ನಂಬಿಕೆ ಸರಿಯೇ? ನಮ್ಮ ನಾಡಿನ ಚರಿತ್ರೆ ಏನು ಹೇಳುತ್ತದೆ? ನಮ್ಮ ಸಂವಿಧಾನ, ನಮ್ಮ ನ್ಯಾಯಾಲಯಗಳು ಏನು ಹೇಳಿವೆ? ನಮ್ಮ ದೀನ್ ಏನು ಕಲಿಸಿದೆ? ಈ ತಿಂಗಳು ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ನಮ್ಮ ಜಿಲ್ಲೆಯ ಮಣ್ಣಿನಲ್ಲೇ ಮೊದಲ ಪಾಠ

ದೂರ ಹೋಗುವುದು ಬೇಡ. ಕಳವಾರ ಬೆಟ್ಟದ ಸುತ್ತಲಿನ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ, ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥ ಇದೆ. ಆಗ ಅದು ಕೋಲಾರ ಜಿಲ್ಲೆಗೆ ಸೇರಿತ್ತು. 1938ರ ಏಪ್ರಿಲ್‌ನಲ್ಲಿ ಮಂಡ್ಯ ಸೀಮೆಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಮೈಸೂರು ಸರ್ಕಾರ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜ ಹಾರಿಸುವುದನ್ನು ನಿಷೇಧಿಸಿತ್ತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಮಂದಿ ಎಂದು ಸರ್ಕಾರ ಹೇಳಿತು. 30ಕ್ಕೂ ಹೆಚ್ಚು ಎಂದು ಜನ ಹೇಳಿದರು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಆ ಜಾಗಕ್ಕೆ ಹೆಸರು ಬಂತು.

ಧ್ವಜ ಎಂದರೆ ಒಂದು ತುಂಡು ಬಟ್ಟೆ. ಅದಕ್ಕೆ ಬಾಯಿಲ್ಲ. ಆದರೂ ಅದು ಮಾತಾಡುತ್ತದೆ ಎಂದು ಹಾರಿಸಿದವರಿಗೂ ಗೊತ್ತಿತ್ತು, ತಡೆದವರಿಗೂ ಗೊತ್ತಿತ್ತು. ಮನುಷ್ಯ ಬಾಯಿಂದಷ್ಟೇ ಮಾತಾಡುವುದಿಲ್ಲ. ತಾನು ಹಿಡಿದದ್ದರಿಂದ, ತೊಟ್ಟದ್ದರಿಂದ, ಕೆಲವೊಮ್ಮೆ ಸುಮ್ಮನೆ ನಿಂತದ್ದರಿಂದಲೂ ಮಾತಾಡುತ್ತಾನೆ. ಮುಂದೆ ಬರುವ ಎಲ್ಲ ಮೊಕದ್ದಮೆಗಳ ತಿರುಳೂ ಇದೇ.

ಇಲ್ಲಿ ನಾವು ಮರೆಯಬಾರದ ಒಂದು ವಿಷಯವಿದೆ. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಬೆಂಗಳೂರು, ಮೈಸೂರುಗಳನ್ನು ಚೆಂದಗೊಳಿಸಿದವರು, ನಮ್ಮವರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಆಡಳಿತಗಾರ. ಗುಂಡು ಹಾರಿದ್ದು ಅವರ ಆಡಳಿತದ ಕಾಲದಲ್ಲೇ. ಆ ಮೇಲೆ ಸರ್ದಾರ್ ಪಟೇಲರೊಂದಿಗೆ ಅವರು ಮಾತುಕತೆಗೆ ಕೂತರು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವೂ ಹಾರಬಹುದು ಎಂಬ ಒಪ್ಪಂದಕ್ಕೆ ಬಂದರು. ಚರಿತ್ರೆ ಓದುವಾಗ ಎರಡನ್ನೂ ಓದಬೇಕು. ಕುರ್ಚಿಯಲ್ಲಿ ನಮ್ಮ ಹೆಸರಿನವರೇ ಕೂತಿದ್ದರೂ ಅಧಿಕಾರಕ್ಕೆ ಒಪ್ಪದ ಮಾತು ಸಹಿಸುವುದು ಕಷ್ಟ. ಹಾಗಾಗಿ ಮಾತಿನ ಹಕ್ಕು ಯಾರೋ ಒಬ್ಬರ ಒಳ್ಳೆಯತನದ ಮೇಲೆ ನಿಲ್ಲಬಾರದು, ಕಾನೂನಿನ ಮೇಲೆ ನಿಲ್ಲಬೇಕು.

ಈ ಹೋರಾಟದಲ್ಲಿ ಶಾಲಾ ಮಕ್ಕಳೂ ಇದ್ದರು. 1942ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯಲ್ಲಿ ಗುಂಡಿಗೆ ಬಲಿಯಾದ ನಾರಾಯಣ ಡೋಣಿ ಇನ್ನೂ ಬಾಲಕ. 1947ರ ಸೆಪ್ಟೆಂಬರ್‌ನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಮೈಸೂರು ಚಲೋ ಚಳವಳಿಯಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಪ್ರಾಣ ಕೊಟ್ಟ. ಮೈಸೂರಿನ ರಾಮಸ್ವಾಮಿ ವೃತ್ತದ ಹೆಸರು ಅವನದೇ.

ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರೇ ಆದ ಡಾ. ಎಚ್. ನರಸಿಂಹಯ್ಯನವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿ, ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಿದ ಹುಡುಗ. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡದಲ್ಲಿ ಹೇಳುವ ಅವಕಾಶ ಸಿಕ್ಕಿದ್ದು ಈ ಹಳ್ಳಿಯ ವಿದ್ಯಾರ್ಥಿಗೆ. 1942ರಲ್ಲಿ ಸೆಂಟ್ರಲ್ ಕಾಲೇಜಿನ ಓದು ಬಿಟ್ಟು ಚಳವಳಿಗೆ ಇಳಿದರು, ಜೈಲಿಗೆ ಹೋದರು. ಹೊರಬಂದು ಓದು ಮುಗಿಸಿ ಮೇಷ್ಟ್ರಾದರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ಪ್ರಶ್ನೆ ಕೇಳದ ವಿದ್ಯಾರ್ಥಿಯ ಓದು ಓದೇ ಅಲ್ಲ ಎಂಬುದು ಅವರ ಜೀವಮಾನದ ನಿಲುವು. ಅವರ ವಿಚಾರವಾದದ ಎಲ್ಲವನ್ನೂ ನಾವು ಒಪ್ಪಬೇಕೆಂದಿಲ್ಲ. ಆದರೆ ಜೈಲು ಕಂಡ ವಿದ್ಯಾರ್ಥಿಯನ್ನೇ ವಿಶ್ವವಿದ್ಯಾಲಯದ ಮುಖ್ಯಸ್ಥನನ್ನಾಗಿ ಕೂರಿಸಿದ ನಾಡು ನಮ್ಮದು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಸಂವಿಧಾನದಲ್ಲಿ ವಯಸ್ಸಿನ ಮಿತಿ ಇಲ್ಲ

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 19(1)(ಎ) ವಿಧಿ ಎಲ್ಲ ನಾಗರಿಕರಿಗೂ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಕೊಟ್ಟಿದೆ. ಮತ ಹಾಕಲು 18 ತುಂಬಬೇಕು. ಮಾತಾಡಲು ಇಷ್ಟು ವರ್ಷ ತುಂಬಬೇಕು ಎಂದು ಆ ವಿಧಿಯಲ್ಲಿ ಎಲ್ಲಿಯೂ ಬರೆದಿಲ್ಲ. ಸರ್ಕಾರಿ ಶಾಲೆಯ ಮೂರನೇ ತರಗತಿಯ ಮಗುವೂ ನಾಗರಿಕನೇ.

ಹಾಗೆಂದು ಈ ಹಕ್ಕಿಗೆ ಮೇರೆ ಇಲ್ಲವೆಂದಲ್ಲ. 19ನೇ ವಿಧಿಯ ಎರಡನೇ ಖಂಡ ಆ ಮೇರೆಗಳನ್ನು ಹೆಸರಿಸಿಯೇ ಹೇಳುತ್ತದೆ. ದೇಶದ ಸಾರ್ವಭೌಮತೆ ಮತ್ತು ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಮುಂತಾದ ಕಾರಣಗಳಿಗೆ ಮಾತ್ರ ಮಾತನ್ನು ತಡೆಯಬಹುದು. ತಡೆಯುವುದಾದರೂ ಅದು ಕಾನೂನಿನ ಮೂಲಕ ಆಗಬೇಕು, ತಡೆ ನ್ಯಾಯಸಮ್ಮತ ಆಗಿರಬೇಕು. ಮೇಷ್ಟ್ರಿಗೆ ಇಷ್ಟವಾಗಲಿಲ್ಲ, ಬೀದಿಯಲ್ಲಿ ನಾಲ್ಕು ಜನ ಕೂಗಾಡಿದರು ಎಂಬುದು ಆ ಪಟ್ಟಿಯಲ್ಲಿ ಇಲ್ಲ.

ಇದರ ಜೊತೆಗೆ 28ನೇ ವಿಧಿಯ ಮೂರನೇ ಖಂಡ ಹೆತ್ತವರೆಲ್ಲರೂ ತಿಳಿದಿರಬೇಕಾದದ್ದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ ಅಥವಾ ಧಾರ್ಮಿಕ ಆರಾಧನೆಗೆ ಕೂರಿಸುವಂತಿಲ್ಲ. ಈ ರಕ್ಷಣೆ ಎಲ್ಲ ಧರ್ಮದ ಮಕ್ಕಳಿಗೂ ಇದೆ. ಮುಸ್ಲಿಂ ಆಡಳಿತದ ಶಾಲೆಗೆ ಬರುವ ಹಿಂದೂ ಮಗುವಿಗೂ ಇದೆ.

ಕೇರಳದ ಮೂವರು ಮಕ್ಕಳು

ಈ ಹಕ್ಕು ಪುಸ್ತಕದಿಂದ ಇಳಿದು ಶಾಲೆಯ ಅಂಗಳಕ್ಕೆ ಬಂದದ್ದು ಪಕ್ಕದ ಕೇರಳದಲ್ಲಿ, ಮೂವರು ಒಡಹುಟ್ಟಿದವರಿಂದ. ಕೊಟ್ಟಾಯಂ ಜಿಲ್ಲೆಯ ಕಿಡಂಗೂರಿನ ಪ್ರೌಢಶಾಲೆಯಲ್ಲಿ ಒಬ್ಬ ಹುಡುಗ, ಇಬ್ಬರು ಹುಡುಗಿಯರು 10, 9 ಮತ್ತು 5ನೇ ತರಗತಿಗಳಲ್ಲಿ ಓದುತ್ತಿದ್ದರು. ಅವರ ಕುಟುಂಬ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡಕ್ಕೆ ಸೇರಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ರಾಷ್ಟ್ರಗೀತೆ ಹಾಡುವಾಗ ಈ ಮಕ್ಕಳು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ತಮ್ಮ ದೇವರಿಗಲ್ಲದೆ ಬೇರೆಯದಕ್ಕೆ ಹಾಡಿನ ಮೂಲಕ ಭಕ್ತಿ ಸಲ್ಲಿಸಬಾರದು ಎಂಬುದು ಅವರ ನಂಬಿಕೆ.

ವರ್ಷಗಳಿಂದ ಇದು ಯಾರಿಗೂ ತೊಂದರೆಯಾಗಿರಲಿಲ್ಲ. 1985ರ ಜುಲೈನಲ್ಲಿ ಒಬ್ಬ ಶಾಸಕರು ಇದನ್ನು ವಿಧಾನಸಭೆಯಲ್ಲಿ ಎತ್ತಿದರು. ವಿಚಾರಣೆಗೆ ಸಮಿತಿ ಬಂತು. ಮಕ್ಕಳು ಕಾನೂನು ಪಾಲಿಸುವವರು, ರಾಷ್ಟ್ರಗೀತೆಗೆ ಅಗೌರವ ತೋರಿಲ್ಲ ಎಂದು ವರದಿಯೂ ಬಂತು. ಆದರೂ ಶಿಕ್ಷಣ ಅಧಿಕಾರಿಯ ಸೂಚನೆಯಂತೆ ಜುಲೈ 26ರಂದು ಮೂವರನ್ನೂ ಶಾಲೆಯಿಂದ ಹೊರಹಾಕಲಾಯಿತು. ಕೇರಳ ಹೈಕೋರ್ಟ್‌ನಲ್ಲಿ ಎರಡು ಹಂತದಲ್ಲೂ ಅವರಿಗೆ ಸೋಲಾಯಿತು.

1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಮತ್ತು ನ್ಯಾಯಮೂರ್ತಿ ಎಂ.ಎಂ. ದತ್ ಅವರ ಪೀಠ. ಬಿಜೋ ಇಮ್ಯಾನುಯೆಲ್ ಪ್ರಕರಣ ಎಂದು ಹೆಸರಾದ ಆ ತೀರ್ಪಿನ ಸಾರ ಹೀಗಿದೆ. ರಾಷ್ಟ್ರಗೀತೆ ಹಾಡಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಎದ್ದು ನಿಂತರೆ ಗೌರವ ಸಂದಿತು. ರಾಷ್ಟ್ರ ಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆಯೂ ಹಾಡುವವರಿಗೆ ಅಡ್ಡಿ ಮಾಡುವುದನ್ನು ಅಪರಾಧ ಎನ್ನುತ್ತದೆ, ಸುಮ್ಮನೆ ನಿಲ್ಲುವುದನ್ನಲ್ಲ. ಇಲಾಖೆಯ ಸುತ್ತೋಲೆ ಕಾನೂನಲ್ಲ, ಅದರ ಬಲದ ಮೇಲೆ ಮೂಲಭೂತ ಹಕ್ಕನ್ನು ಕಿತ್ತುಕೊಳ್ಳಲಾಗದು. ಮಾತಾಡುವ ಹಕ್ಕಿನಲ್ಲಿ ಮೌನವಾಗಿರುವ ಹಕ್ಕೂ ಸೇರಿದೆ. ಒಂದು ನಂಬಿಕೆ ನ್ಯಾಯಾಧೀಶರ ಮನಸ್ಸಿಗೆ ಹಿಡಿಸುತ್ತದೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ, ಅದು ಪ್ರಾಮಾಣಿಕವಾಗಿ ನಂಬಿದ ನಂಬಿಕೆಯೇ ಎಂಬುದಷ್ಟೇ ಮುಖ್ಯ. ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಬೇಕು. ನಮ್ಮ ಪರಂಪರೆ ಕಲಿಸಿದ ಸಹನೆಯನ್ನು ತೆಳುವಾಗಿಸಬಾರದು ಎಂಬ ಅರ್ಥದ ಮಾತಿನೊಂದಿಗೆ ಆ ತೀರ್ಪು ಮುಗಿಯುತ್ತದೆ.

ಆ ಪಂಗಡದ ನಂಬಿಕೆಗೂ ನಮ್ಮ ಅಕೀದಾಕ್ಕೂ ಬಹಳ ದೂರ. ನಮ್ಮ ಮಕ್ಕಳು ರಾಷ್ಟ್ರಗೀತೆಯನ್ನು ಕಂಠ ಬಿಚ್ಚಿ ಹಾಡುತ್ತಾರೆ. ಹಾಗಾದರೆ ಆ ಮೂವರು ಮಕ್ಕಳ ಮೊಕದ್ದಮೆಗೂ ನಮಗೂ ಏನು ಸಂಬಂಧ ಎಂದು 1986ರಲ್ಲಿ ಯಾರಾದರೂ ಕೇಳಿದ್ದರೆ ಉತ್ತರಿಸುವುದು ಕಷ್ಟವಿತ್ತು. 36 ವರ್ಷಗಳ ನಂತರ ಆ ಸಂಬಂಧ ಏನೆಂದು ಗೊತ್ತಾಯಿತು. ಅಲ್ಲಿಗೆ ಮುಂದೆ ಬರುತ್ತೇವೆ.

ಅಮೆರಿಕದಲ್ಲಿ ನಡೆದದ್ದು

ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ತೀರ್ಪು ಬರೆಯುವಾಗ ಅಮೆರಿಕದ ಎರಡು ಹಳೆಯ ತೀರ್ಪುಗಳನ್ನೂ ನೋಡಿದ್ದರು. ಅಲ್ಲಿಯೂ ಇದೇ ಪಂಗಡದ ಮಕ್ಕಳು ಶಾಲೆಯಲ್ಲಿ ಧ್ವಜವಂದನೆ ಮಾಡಲು ಒಪ್ಪದೆ ಹೊರಹಾಕಲ್ಪಟ್ಟಿದ್ದರು. 1940ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮಕ್ಕಳ ವಿರುದ್ಧ ತೀರ್ಪು ಕೊಟ್ಟಿತು. ಎಂಟು ನ್ಯಾಯಾಧೀಶರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಆ ತೀರ್ಪಿನ ಬೆನ್ನಿಗೇ ಆ ಪಂಗಡದವರ ಮೇಲೆ ಹಲವು ಊರುಗಳಲ್ಲಿ ಗುಂಪು ದಾಳಿಗಳಾದವು. ಮೂರೇ ವರ್ಷದಲ್ಲಿ, 1943ರ ಜೂನ್ 14ರಂದು, ಎರಡನೇ ಮಹಾಯುದ್ಧ ಜೋರಾಗಿದ್ದ ಕಾಲದಲ್ಲೇ, ಅದೇ ನ್ಯಾಯಾಲಯ ತನ್ನ ತೀರ್ಪನ್ನು ತಾನೇ ತಿರುಗಿಸಿತು. ದೇಶಭಕ್ತಿಯನ್ನು ಬಲವಂತದಿಂದ ಮಗುವಿನ ಬಾಯಲ್ಲಿ ಇಡಲಾಗದು ಎಂದಿತು. ಹಿಂದೆ ವಿರುದ್ಧ ನಿಂತಿದ್ದ ಮೂವರು ನ್ಯಾಯಾಧೀಶರು ಈ ಸಲ ತಮ್ಮ ಅಭಿಪ್ರಾಯ ಬದಲಿಸಿದ್ದರು.

ನಂತರ 1965ರ ಡಿಸೆಂಬರ್‌ನಲ್ಲಿ ಅಯೋವಾ ರಾಜ್ಯದ ಡೆ ಮಾಯ್ನ್ ಪಟ್ಟಣದಲ್ಲಿ ಕೆಲವು ವಿದ್ಯಾರ್ಥಿಗಳು ವಿಯೆಟ್ನಾಂ ಯುದ್ಧದಲ್ಲಿ ಸತ್ತವರಿಗಾಗಿ ದುಃಖಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದರು. ಶಾಲೆ ಅವರನ್ನು ಮನೆಗೆ ಕಳಿಸಿತು. 1969ರ ಫೆಬ್ರವರಿ 24ರಂದು ಅಲ್ಲಿನ ಸುಪ್ರೀಂ ಕೋರ್ಟ್ 7-2ರಿಂದ ಮಕ್ಕಳ ಪರ ತೀರ್ಪು ಕೊಟ್ಟಿತು. ಶಾಲೆಯ ಬಾಗಿಲಲ್ಲಿ ಮಗು ತನ್ನ ಹಕ್ಕನ್ನು ಕಳಚಿಟ್ಟು ಒಳಗೆ ಬರುವುದಿಲ್ಲ. ಪಾಠಕ್ಕೆ ನಿಜವಾಗಿ ದೊಡ್ಡ ಅಡ್ಡಿಯಾದರೆ ಮಾತ್ರ ತಡೆಯಬಹುದು, ಗಲಾಟೆಯಾಗಬಹುದು ಎಂಬ ಬರೀ ಅಂಜಿಕೆ ಸಾಲದು ಎಂದಿತು. ಅದು ನಮ್ಮ ಕಾನೂನಲ್ಲ. ಆದರೂ ಆ ಅಳತೆಗೋಲು ನ್ಯಾಯವಾದದ್ದು.

ಮಾಧ್ಯಮದ ಮೊಕದ್ದಮೆ

ನಮ್ಮ ರಾಜ್ಯಕ್ಕೆ ಮರಳೋಣ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕು ಎಂದು ಕರ್ನಾಟಕ ಸರ್ಕಾರ 1994ರಲ್ಲಿ ಹೊರಡಿಸಿದ ಆದೇಶದ ಮೇಲೆ 20 ವರ್ಷ ವ್ಯಾಜ್ಯ ನಡೆಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ಬಲವಂತ ಸಲ್ಲದು ಎಂದಿತು. ಕನ್ನಡವನ್ನು ಪ್ರೀತಿಸುವ ನಮ್ಮಂಥ ಅನೇಕರಿಗೆ ಅದು ಬೇಸರ ತಂದಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ತೀರ್ಪಿನಲ್ಲಿ ನಮ್ಮ ವಿಷಯಕ್ಕೆ ಬೇಕಾದ ಒಂದು ಮಾತಿದೆ. ಯಾವ ಭಾಷೆಯಲ್ಲಿ ಕಲಿಯಬೇಕೆಂಬ ಆಯ್ಕೆ ವಾಕ್ ಸ್ವಾತಂತ್ರ್ಯದ ಭಾಗ, ಅದು ಮಗುವಿನ ಹಕ್ಕು, ಮಗುವಿನ ಪರವಾಗಿ ಹೆತ್ತವರು ಅದನ್ನು ಚಲಾಯಿಸುತ್ತಾರೆ ಎಂದು ಪೀಠ ಹೇಳಿತು. ಪುಟ್ಟ ಮಗುವಿಗೂ 19ನೇ ವಿಧಿ ಅನ್ವಯಿಸುತ್ತದೆ ಎಂಬುದು ಕರ್ನಾಟಕದ ಮೊಕದ್ದಮೆಯಲ್ಲೇ ಹೀಗೆ ಗಟ್ಟಿಯಾಯಿತು.

ಬೀದರ್: ಒಂದು ನಾಟಕ

2020ರ ಜನವರಿಯಲ್ಲಿ ಬೀದರಿನ ಶಾಹೀನ್ ಶಾಲೆಯಲ್ಲಿ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆ ಕುರಿತು ಒಂದು ಪುಟ್ಟ ನಾಟಕ ಆಡಿದರು. ಅದು ಖಾಸಗಿ ಶಾಲೆ. ಆದರೆ ನಂತರ ಮಕ್ಕಳ ಮುಂದೆ ಬಂದು ನಿಂತದ್ದು ಸರ್ಕಾರದ ಪೊಲೀಸರು. ದೇಶದ್ರೋಹದ ಪ್ರಕರಣ ದಾಖಲಾಯಿತು. ಮುಖ್ಯೋಪಾಧ್ಯಾಯಿನಿಯೊಬ್ಬರನ್ನೂ ಒಂದು ಮಗುವಿನ ತಾಯಿಯನ್ನೂ ಬಂಧಿಸಲಾಯಿತು. ಎರಡು ವಾರ ಅವರು ಜೈಲಿನಲ್ಲಿದ್ದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಮಕ್ಕಳನ್ನು ವಿಚಾರಿಸಿದರು. ಸಮವಸ್ತ್ರ ತೊಟ್ಟು ಶಸ್ತ್ರ ಹಿಡಿದು ಮಕ್ಕಳನ್ನು ವಿಚಾರಿಸಿದ್ದು ಮೇಲ್ನೋಟಕ್ಕೆ ಬಾಲನ್ಯಾಯ ಕಾನೂನಿನ ಉಲ್ಲಂಘನೆ ಎಂದು 2021ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. 2023ರ ಜೂನ್‌ನಲ್ಲಿ ಹೈಕೋರ್ಟ್‌ನ ಕಲಬುರಗಿ ಪೀಠ ಪ್ರಕರಣವನ್ನೇ ರದ್ದು ಮಾಡಿತು.

ಆ ತೀರ್ಪನ್ನು ಪೂರ್ತಿ ಓದಬೇಕು, ನಮಗೆ ಹಿತವಾದ ಭಾಗವನ್ನು ಮಾತ್ರವಲ್ಲ. ನಾಟಕದಲ್ಲಿ ಪ್ರಧಾನಿಯವರ ಬಗ್ಗೆ ಆಡಿದ ಮಾತು ಅಗೌರವದ್ದು, ಹೊಣೆಗೇಡಿಯದು ಎಂದು ನ್ಯಾಯಾಲಯ ಹೇಳಿತು. ಆದರೆ ಅದು ದೇಶದ್ರೋಹವಲ್ಲ ಎಂದಿತು. ಮಕ್ಕಳಿಗೆ ಸರ್ಕಾರದ ನೀತಿಗಳನ್ನು ಟೀಕಿಸಲು ಕಲಿಸಬಾರದು, ಓದಿನ ಆಸಕ್ತಿ ಬೆಳೆಸುವ ವಿಷಯಗಳ ನಾಟಕ ಆಡಿಸಬೇಕು ಎಂಬ ಬುದ್ಧಿಮಾತನ್ನೂ ಸೇರಿಸಿತು. ಆ ಬುದ್ಧಿಮಾತಿನ ಮೊದಲ ಭಾಗವನ್ನು ಒಪ್ಪುವುದು ನಮಗೆ ಕಷ್ಟ. ವಿದುರಾಶ್ವತ್ಥದ ಪಾಠ ಓದುವ ಮಗು ಸರ್ಕಾರದ ನೀತಿ ತಪ್ಪಿರಬಹುದು ಎಂದು ಕಲಿಯದೆ ಇನ್ನೇನು ಕಲಿಯುತ್ತದೆ? ಆದರೆ ಎರಡನೇ ಭಾಗದಲ್ಲಿ ನಮಗೂ ಒಂದು ಎಚ್ಚರಿಕೆ ಇದೆ. ಮಗುವಿನ ಬಾಯಲ್ಲಿ ದೊಡ್ಡವರು ತಮ್ಮ ಸಿಟ್ಟನ್ನು ಇಟ್ಟರೆ ಅದು ಮಗುವಿನ ವಾಕ್ ಸ್ವಾತಂತ್ರ್ಯವಾಗುವುದಿಲ್ಲ. ಬಲವಂತದ ಘೋಷಣೆ ಹೇಗೆ ತಪ್ಪೋ, ಎರವಲು ಬೈಗುಳವೂ ಹಾಗೆಯೇ ತಪ್ಪು.

ಉಡುಪಿ: ತೀರ್ಮಾನವಾಗದ ಮೊಕದ್ದಮೆ

2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರನ್ನು ತರಗತಿಗೆ ಬಿಡಲಿಲ್ಲ. ಆ ಮೇಲಿನದು ನಮ್ಮೆಲ್ಲರ ಮನೆಗಳಲ್ಲೂ ಮಾತಾದ ಸಂಗತಿ. ಬೇರೆ ಕಾಲೇಜುಗಳಲ್ಲಿ ಕೇಸರಿ ಶಾಲುಗಳು ಬಂದವು. 2022ರ ಫೆಬ್ರವರಿ 5ರಂದು ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ ಹೊರಟಿತು. ಫೆಬ್ರವರಿ 10ರ ಹೈಕೋರ್ಟ್ ಮಧ್ಯಂತರ ಆದೇಶ, ಸಮವಸ್ತ್ರ ನಿಗದಿಯಾಗಿದ್ದ ಕಾಲೇಜುಗಳ ತರಗತಿಗಳಲ್ಲಿ ಶಾಲು, ಹಿಜಾಬ್ ಎರಡನ್ನೂ ತಡೆಯಿತು. ಮಾರ್ಚ್ 15ರಂದು ಮೂವರು ನ್ಯಾಯಮೂರ್ತಿಗಳ ಪೂರ್ಣ ಪೀಠ ತೀರ್ಪು ಕೊಟ್ಟಿತು. ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆ ಎಂಬುದು ಸಾಬೀತಾಗಿಲ್ಲ, ಸಮವಸ್ತ್ರ ನ್ಯಾಯಸಮ್ಮತ ನಿರ್ಬಂಧ, ಸರ್ಕಾರದ ಆದೇಶ ಊರ್ಜಿತ ಎಂದಿತು. ಅಭಿವ್ಯಕ್ತಿ ಸ್ವಾತಂತ್ರ್ಯದ ವಾದಕ್ಕೆ ಪೀಠ ಕೊಟ್ಟ ಉತ್ತರವನ್ನು ನಮ್ಮಲ್ಲಿ ಬಹಳ ಜನ ಗಮನಿಸಲಿಲ್ಲ. ಶಾಲೆ, ನ್ಯಾಯಾಲಯ, ಯುದ್ಧದ ಕೊಠಡಿ, ಸೇನಾ ಶಿಬಿರ ಇಂಥ ಶಿಸ್ತಿನ ಸ್ಥಳಗಳಲ್ಲಿ ವ್ಯಕ್ತಿಯ ಹಕ್ಕುಗಳು ಪೂರ್ಣ ರೂಪದಲ್ಲಿ ಇರುವುದಿಲ್ಲ ಎಂಬುದು ಅದರ ಸಾರ.

ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಅಕ್ಟೋಬರ್ 13ರಂದು ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಅವರು ಮೇಲ್ಮನವಿಗಳನ್ನು ವಜಾ ಮಾಡಿದರು. ಸಮವಸ್ತ್ರ ಮಕ್ಕಳಲ್ಲಿ ಸಮಾನತೆ ತರುತ್ತದೆ ಎಂಬುದು ಅವರ ನಿಲುವು. ಆ ನಿಲುವಿನಲ್ಲಿ ತೂಕವಿಲ್ಲ ಎಂದು ನಾವು ಹೇಳುವುದಿಲ್ಲ. ಬಡವರ ಮಗು, ಶ್ರೀಮಂತರ ಮಗು ಒಂದೇ ಬಟ್ಟೆಯಲ್ಲಿ ಕೂರುವುದು ಒಳ್ಳೆಯದೇ. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು ಮೇಲ್ಮನವಿಗಳನ್ನು ಎತ್ತಿಹಿಡಿದರು. ಅತ್ಯಗತ್ಯ ಧಾರ್ಮಿಕ ಆಚರಣೆಯೇ ಎಂಬ ಚರ್ಚೆಗೆ ಇಳಿಯುವ ಅಗತ್ಯವೇ ಇರಲಿಲ್ಲ, ಇದು ಆಯ್ಕೆಯ ಪ್ರಶ್ನೆ, 19ನೇ ವಿಧಿಯ ಪ್ರಶ್ನೆ, ಆತ್ಮಸಾಕ್ಷಿಯ ಪ್ರಶ್ನೆ ಎಂದರು. ಶಾಲೆಯನ್ನು ಸೇನಾ ಶಿಬಿರಕ್ಕೆ ಹೋಲಿಸುವುದು ವಿಚಿತ್ರ ಎಂದರು. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಗು ಶಾಲಾ ಚೀಲ ಹಿಡಿಯುವ ಮೊದಲು ಮನೆಗೆಲಸ ಮುಗಿಸಬೇಕು, ಅವಳ ಹಾದಿಗೆ ಇನ್ನೊಂದು ಅಡ್ಡಿ ಸೇರಿಸಿ ಅವಳ ಬದುಕನ್ನು ಹಸನು ಮಾಡುತ್ತಿದ್ದೇವೆಯೇ ಎಂದು ಕೇಳಿದರು.

ಈ ನಿಲುವಿಗೆ ಅವರು ಆಧಾರವಾಗಿ ಹಿಡಿದದ್ದು ಯಾವುದನ್ನು? 1986ರ ಬಿಜೋ ಇಮ್ಯಾನುಯೆಲ್ ತೀರ್ಪನ್ನು. ಕಿಡಂಗೂರಿನ ಮೂವರು ಮಕ್ಕಳ ಮೌನವೇ ಉಡುಪಿಯ ಹುಡುಗಿಯರ ಪರವಾಗಿ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಮಾತಾಡಿತು. ಇಬ್ಬರೂ ಒಮ್ಮತಕ್ಕೆ ಬಾರದ ಕಾರಣ ಪ್ರಕರಣವನ್ನು ವಿಸ್ತೃತ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಇಡಲು ಸೂಚಿಸಲಾಯಿತು. ಅಂದು ಅಂತಿಮ ತೀರ್ಮಾನ ಆಗಲಿಲ್ಲ. ಅಮೆರಿಕದಲ್ಲಿ ಮೂರು ವರ್ಷದಲ್ಲಿ ಏನಾಯಿತೆಂದು ಮೇಲೆ ಓದಿದ್ದೇವೆ. ನಿರಾಶೆ ಮೂಮಿನನಿಗೆ ಹೇಳಿದ್ದಲ್ಲ.

ಖರ್ಜೂರದ ಮರ, ಹಾಲಿನ ಬಟ್ಟಲು

ಇನ್ನು ನಮ್ಮ ಕಡೆಯ ಚರಿತ್ರೆ. ಸಹೀಹ್ ಬುಖಾರಿಯಲ್ಲಿ ಬರುವ ಪ್ರಸಂಗ ಇದು. ಪ್ರವಾದಿ ಮುಹಮ್ಮದ್(ಸ) ಒಮ್ಮೆ ಸಹಾಬಿಗಳ ನಡುವೆ ಕೂತು ಒಗಟು ಕೇಳಿದರು: ಎಲೆ ಉದುರದ, ಮುಸ್ಲಿಮನಂತಿರುವ ಮರ ಯಾವುದು? ಹಿರಿಯರು ಕಾಡಿನ ಮರಗಳ ಹೆಸರು ಯೋಚಿಸಿದರು. ಬಾಲಕ ಅಬ್ದುಲ್ಲಾ ಇಬ್ನ್ ಉಮರ್(ರ) ಅವರಿಗೆ ಅದು ಖರ್ಜೂರ ಎಂದು ಹೊಳೆಯಿತು. ಆದರೆ ಹಿರಿಯರೆಲ್ಲ ಸುಮ್ಮನಿರುವಾಗ ತಾನು ಹೇಗೆ ಬಾಯಿ ತೆರೆಯುವುದು ಎಂದು ಸಂಕೋಚಪಟ್ಟರು. ನಂತರ ತಂದೆಗೆ ಹೇಳಿದಾಗ ಹಝ್ರತ್ ಉಮರ್(ರ) ಏನೆಂದರು? ಒಳ್ಳೆಯದಾಯಿತು, ಸುಮ್ಮನಿದ್ದೆ ಎನ್ನಲಿಲ್ಲ. ನೀನು ಹೇಳಿದ್ದರೆ ನನಗೆ ದೊಡ್ಡ ಸಂಪತ್ತಿಗಿಂತ ಹೆಚ್ಚು ಸಂತೋಷವಾಗುತ್ತಿತ್ತು ಎಂಬ ಅರ್ಥದ ಮಾತು ಹೇಳಿದರು.

ಇನ್ನೊಂದು ಪ್ರಸಂಗ. ಪ್ರವಾದಿಯವರಿಗೆ(ಸ) ಕುಡಿಯಲು ಒಂದು ಬಟ್ಟಲು ತಂದರು. ಅವರ ಬಲಕ್ಕೆ ಒಬ್ಬ ಹುಡುಗ, ಎಡಕ್ಕೆ ಹಿರಿಯರು. ಬಲಗಡೆಯವರಿಗೆ ಮೊದಲು ಕೊಡುವುದು ಕ್ರಮ. ಹಿರಿಯರಿಗೆ ಮೊದಲು ಕೊಡಲೇ ಎಂದು ಪ್ರವಾದಿಯವರು(ಸ) ಆ ಹುಡುಗನ ಅನುಮತಿ ಕೇಳಿದರು. ನಿಮ್ಮಿಂದ ನನಗೆ ಬರುವ ಪಾಲನ್ನು ಯಾರಿಗೂ ಬಿಟ್ಟುಕೊಡಲಾರೆ ಎಂದು ಹುಡುಗ ಹೇಳಿದ. ಪ್ರವಾದಿಯವರು(ಸ) ಗದರಲಿಲ್ಲ. ಬಟ್ಟಲನ್ನು ಅವನ ಕೈಗೇ ಇಟ್ಟರು. ಹಿರಿಯರ ಸಭೆಯಲ್ಲಿ ಒಂದು ಮಗುವಿನ 'ಇಲ್ಲ' ಎಂಬ ಮಾತಿಗೆ ಅಷ್ಟು ಬೆಲೆ ಸಿಕ್ಕಿತು.

ನ್ಯಾಯಾಲಯದಲ್ಲಿ ಮಗುವಿನ ಹಕ್ಕು ಕೇಳುವ ಸಮುದಾಯ ಮನೆಯಲ್ಲಿ, ಮಕ್ತಬಿನಲ್ಲಿ ಆ ಹಕ್ಕು ಕೊಡಬೇಕಲ್ಲವೇ? ಹಿಜಾಬ್ ನನ್ನ ಆಯ್ಕೆ ಎಂದು ಮಗಳು ನ್ಯಾಯಾಲಯದಲ್ಲಿ ಹೇಳಿದರೆ ಆ ಮಾತಿಗೆ ಬಲ ಬರುವುದು ಮನೆಯಲ್ಲೂ ಅವಳಿಗೆ ಆಯ್ಕೆ ಇದ್ದಾಗ. ಯಾವ ಕೋರ್ಸ್ ಓದಬೇಕು, ಮದುವೆ ಈಗ ಬೇಕೋ ಬೇಡವೋ ಎಂದು ಅವಳನ್ನು ಕೇಳಿದಾಗ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಯ ಮಗುವಿರಲಿ, ಚಿಂತಾಮಣಿಯ ವ್ಯಾಪಾರಿಯ ಮಗುವಿರಲಿ, ಮೊದಲು ಶಾಲೆಯ ಬೆಂಚಿನ ಮೇಲೆ ಕೂತಿರಬೇಕು. ಶಾಲೆಯಲ್ಲೇ ಇಲ್ಲದ ಮಗುವಿಗೆ ಶಾಲೆಯ ಮಾತಿನ ಹಕ್ಕು ಎ‌ಲ್ಲಿಂದ ಬರಬೇಕು?

ನಾವು ಮಾಡಬಹುದಾದದ್ದು

ಒಂದು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಹೋಗಿ ಕೂರಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ನಮ್ಮ ತಾಯಂದಿರು ಅಲ್ಲಿ ಮಾತಾಡಿದರೆ ಅರ್ಧ ಸಮಸ್ಯೆ ಕೋರ್ಟಿನವರೆಗೆ ಹೋಗುವುದೇ ಇಲ್ಲ.

ಎರಡು, ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗೆ ಮಕ್ಕಳನ್ನು ಕಳಿಸಿ. ಶೌಚಾಲಯಕ್ಕೆ ನೀರಿಲ್ಲ, ಬಸ್ಸು ನಿಲ್ಲಿಸುವುದಿಲ್ಲ ಎಂದು ಎದ್ದು ನಿಂತು ಹೇಳಿದ ಮಗು ನಾಳೆ ದೊಡ್ಡ ಮಾತನ್ನೂ ಶಾಂತವಾಗಿ ಹೇಳುತ್ತದೆ.

ಮೂರು, ಅನ್ಯಾಯವಾದರೆ ಬೀದಿಗಿಂತ ಮೊದಲು ಕಾಗದ ಹಿಡಿಯಿರಿ. ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ಕೊಡಿ, ಸ್ವೀಕೃತಿ ಪಡೆಯಿರಿ. ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ, ಅದಾದ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಮಗುವನ್ನು ಹೊಡೆಯುವುದು, ಮಾನಸಿಕವಾಗಿ ಹಿಂಸಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನಡಿ ನಿಷಿದ್ಧ. ತುರ್ತಿಗೆ ಮಕ್ಕಳ ಸಹಾಯವಾಣಿ 1098 ಇದೆ.

ನಾಲ್ಕು, ಅದಬ್ ಬಿಡಬೇಡಿ. ಗುರುಗಳ ಮುಂದೆ ದನಿ ಏರಿಸದೆ ಪ್ರಶ್ನೆ ಕೇಳುವುದನ್ನು ಮಕ್ಕಳಿಗೆ ಕಲಿಸಿ. ಗೌರವವೂ ಪ್ರಶ್ನೆಯೂ ಒಂದೇ ಬಾಯಲ್ಲಿ ಇರಬಲ್ಲವು. ಕಿಡಂಗೂರಿನ ಮಕ್ಕಳು ಗೆದ್ದದ್ದರಲ್ಲಿ ಅವರು ಗೌರವದಿಂದ ಎದ್ದು ನಿಂತದ್ದರ ಪಾಲು ದೊಡ್ಡದು.

ಐದನೆಯದು ಎಲ್ಲಕ್ಕಿಂತ ಮುಖ್ಯ. ಬೇರೆಯವರ ಮಗುವಿನ ಪರವಾಗಿ ನಿಲ್ಲಿ. ಶಾಲೆಯಲ್ಲಿ ದಲಿತ ಮಗುವನ್ನು ಬೇರೆ ಕೂರಿಸಿದರೆ, ಕುಂಕುಮ ಇಟ್ಟುಕೊಂಡ ಹುಡುಗಿಯನ್ನು ಅಳಿಸು ಎಂದರೆ, ಕ್ರೈಸ್ತ ಮಗುವಿನ ಕೊರಳಿನ ಶಿಲುಬೆಯನ್ನು ಕಿತ್ತರೆ, ಅಲ್ಲಿ ಮೊದಲು ಮಾತಾಡುವವರು ನಾವಾಗಿರಬೇಕು. ಸ್ವಂತದವರ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂದು ಅಲ್ಲಾಹನು ನಮಗೆ ಆಜ್ಞಾಪಿಸಿದ್ದಾನೆ. ನಮ್ಮ ಹೆಣ್ಣುಮಕ್ಕಳ ಪರ ನುಡಿದ ತೀರ್ಪಿನ ಬೇರು ನಮ್ಮದಲ್ಲದ ನಂಬಿಕೆಯ ಮೂವರು ಮಕ್ಕಳ ಅಂಗಳದಲ್ಲಿತ್ತು. ನಾಳೆ ಯಾರದೋ ಮಗುವನ್ನು ಕಾಯುವ ತೀರ್ಪಿನ ಬೇರು ನಮ್ಮ ಅಂಗಳದಲ್ಲಿರಲಿ.

ಸತ್ಯವನ್ನು ಸೌಮ್ಯವಾಗಿ ಹೇಳುವ ನಾಲಿಗೆಯನ್ನೂ, ಇತರರ ಮಾತನ್ನು ತಾಳ್ಮೆಯಿಂದ ಕೇಳುವ ಕಿವಿಯನ್ನೂ ಅಲ್ಲಾಹನು ನಮ್ಮ ಮಕ್ಕಳಿಗೂ ನಮಗೂ ಕರುಣಿಸಲಿ. ಆಮೀನ್.